ಐವತ್ತೆಂಟರ ಹಳೇ ಟ್ಯೂಬು

ಕೋಲ್ಡ್ ರೂಮಿನ ಎರಡನೇ ಶೆಲ್ಫಿನಲ್ಲಿ ಆ ಟ್ಯೂಬು ನಾಲ್ಕು ವರ್ಷದಿಂದ ಇತ್ತು. ನೀಲಿ ಮುಚ್ಚಳದ, ಹೆಬ್ಬೆರಳಿಗಿಂತ ದಪ್ಪನೆಯ ಪ್ಲಾಸ್ಟಿಕ್ ಟ್ಯೂಬು. ಒಳಗೆ ತಿಳಿಸಾರಿನ ಮೇಲ್ನೀರಿನ ಬಣ್ಣದ ದ್ರವ. ಹೊರಗೆ ಕಪ್ಪು ಮಾರ್ಕರಿನಲ್ಲಿ ೫೮ ಎಂದು ಬರೆದಿತ್ತು. ಅದರ ಕೆಳಗೆ, ಎಷ್ಟು ಸಲ ಬಳಸಿದ್ದಾರೆ ಎಂದು ತೋರಿಸುವ ಗೀಟುಗಳು. ಅರವತ್ತು ದಾಟಿದ ಮೇಲೆ ಜಾಗ ಸಾಲದೆ ಗೀಟು ಹಾಕುವುದನ್ನೇ ಬಿಟ್ಟಿದ್ದರು.

ಐವತ್ತೆಂಟು ಎನ್ನುವುದು ಒಂದು ಪ್ರೋಟೀನು. ಅದಕ್ಕೊಂದು ಉದ್ದದ ಹೆಸರಿದೆ, ಆದರೆ ಲ್ಯಾಬಿನಲ್ಲಿ ಎಲ್ಲರೂ ತೂಕದ ಅಂಕಿಯಿಂದಲೇ ಕರೆಯುತ್ತಿದ್ದರು. ಅದು ಡಿಎನ್‌ಎ ಮೇಲೆ ಕೂತು ಕೆಲವು ಜೀನುಗಳನ್ನು ಓದಿಸುತ್ತದೆ. ಬೇಡವಾದಾಗ ಕೋಶವೇ ಅದನ್ನು ಕೊಚ್ಚಿ ಹಾಕುತ್ತದೆ. ಯಾವಾಗ ಕೊಚ್ಚುತ್ತದೆ ಎನ್ನುವುದು ಗುರುದೇವಿಯ ಪಿಎಚ್‌ಡಿ ವಿಷಯ. ಅವಳು ಬೈಲಹೊಂಗಲದವಳು. ನಾಗರಭಾವಿ ಕಡೆಯ ಈ ಸಂಸ್ಥೆಗೆ ಬಂದು ಇದು ಐದನೇ ವರ್ಷ. ಮೂಡಲಪಾಳ್ಯದಲ್ಲಿ ಬಿ.ಎಡ್. ಓದುವ ಇಬ್ಬರ ಜೊತೆ ರೂಮು ಮಾಡಿಕೊಂಡಿದ್ದಳು.

ಪ್ರೋಟೀನು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಆ ಟ್ಯೂಬು. ಐವತ್ತೆಂಟನ್ನು ಮೊಲಕ್ಕೆ ಚುಚ್ಚಿದರೆ, ಅದನ್ನೇ ಹುಡುಕಿ ಹಿಡಿಯುವ ಆಂಟಿಬಾಡಿ ಮೊಲದ ರಕ್ತದಲ್ಲಿ ತಯಾರಾಗುತ್ತದೆ. ಆ ರಕ್ತದ ಸೀರಮ್ಮನ್ನು ತೆಳುಮಾಡಿ ಟ್ಯೂಬಿನಲ್ಲಿ ಇಡುತ್ತಾರೆ. ಕೋಶಗಳನ್ನು ಒಡೆದು, ಅವುಗಳ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ, ಒಂದು ಬಿಳಿ ಪೊರೆಗೆ ಇಳಿಸಿ, ಮೇಲೆ ಈ ದ್ರವ ಸುರಿದರೆ, ಆಂಟಿಬಾಡಿ ಐವತ್ತೆಂಟು ಇರುವ ಕಡೆ ಮಾತ್ರ ಕಚ್ಚಿಕೊಳ್ಳುತ್ತದೆ. ಎಕ್ಸ್‌ರೇ ಫಿಲ್ಮಿನಲ್ಲಿ ಅಲ್ಲೊಂದು ಕಪ್ಪು ಗೆರೆ ಮೂಡುತ್ತದೆ. ಗೆರೆ ಇದ್ದರೆ ಪ್ರೋಟೀನು ಇದೆ, ಇಲ್ಲದಿದ್ದರೆ ಇಲ್ಲ. ಕೆಲಸ ಮುಗಿದ ಮೇಲೆ ದ್ರವವನ್ನು ಮತ್ತೆ ಟ್ಯೂಬಿಗೇ ಸುರಿಯುತ್ತಾರೆ.

ಪುಸ್ತಕದ ಪ್ರಕಾರ ಎರಡು ಮೂರು ಸಲ ಬಳಸಿ ಚೆಲ್ಲಬೇಕು. ಇಲ್ಲಿ ಯಾರೂ ಚೆಲ್ಲುತ್ತಿರಲಿಲ್ಲ. ಗೆರೆ ಮಸುಕಾಯಿತು ಅನ್ನಿಸಿದಾಗ ಅದಕ್ಕೇ ಒಂದಿಷ್ಟು ಸೀರಮ್ ಸೇರಿಸುತ್ತಿದ್ದರು, ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವ ಹಾಗೆ. ಹೊಸದಾಗಿ ಮಾಡಿಕೊಂಡ ಟ್ಯೂಬಿಗಿಂತ ಹಳೇದರಲ್ಲೇ ಗೆರೆ ಕಪ್ಪಗೆ, ಚೊಕ್ಕವಾಗಿ ಬರುತ್ತದೆ ಎನ್ನುವುದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ.

ಗುರುದೇವಿ ಮೂರು ವರ್ಷದಲ್ಲಿ ಕಂಡುಹಿಡಿದದ್ದು ಇಷ್ಟು. ಕೋಶಗಳನ್ನು ಉಪವಾಸ ಹಾಕಿದರೆ ಆರು ಗಂಟೆಗೆ ಗೆರೆ ಮಸುಕಾಗುತ್ತದೆ, ಹನ್ನೆರಡಕ್ಕೆ ಅರ್ಧವಾಗುತ್ತದೆ, ಇಪ್ಪತ್ನಾಲ್ಕಕ್ಕೆ ಮಾಯ. ಕೋಶದ ಕೊಚ್ಚುವ ಯಂತ್ರವನ್ನು ಔಷಧಿ ಹಾಕಿ ನಿಲ್ಲಿಸಿದರೆ ಗೆರೆ ಹಾಗೇ ಉಳಿಯುತ್ತದೆ. ಎಂದರೆ, ಹಸಿದ ಕೋಶ ಐವತ್ತೆಂಟನ್ನು ಕೊಚ್ಚುತ್ತದೆ. ಇದನ್ನು ಬರೆದು ಹೊರದೇಶದ ಒಂದು ಪತ್ರಿಕೆಗೆ ಕಳಿಸಿದ್ದರು. ೨೦೦೭ರ ಆಗಸ್ಟಿನಲ್ಲಿ ಉತ್ತರ ಬಂತು. ಒಳ್ಳೆಯ ಕೆಲಸ, ಆದರೆ ಈ ಗೆರೆ ಐವತ್ತೆಂಟೇ ಎನ್ನುವುದಕ್ಕೆ ಒಂದು ಸಾಕ್ಷಿ ಕೊಡಿ. ಕೋಶದಲ್ಲಿ ಐವತ್ತೆಂಟು ತಯಾರಾಗದಂತೆ ತಡೆದು, ಗೆರೆ ಹೋಗುವುದನ್ನು ತೋರಿಸಿ. ಡಿಸೆಂಬರ್ ಹದಿನಾಲ್ಕರ ಒಳಗೆ.

ಪೇಪರ್ ಒಪ್ಪಿಗೆಯಾದರೆ ಮಾರ್ಚಿನಲ್ಲಿ ಥೀಸಿಸ್. ಫೆಲೋಶಿಪ್ ಮುಗಿಯುವುದೂ ಮಾರ್ಚಿಗೇ. ಪೇಪರ್ ಇಲ್ಲದಿದ್ದರೆ ಥೀಸಿಸ್ ಇಲ್ಲ.

ತಡೆಯುವುದಕ್ಕೆ ಬೇಕಾದ ಆರ್‌ಎನ್‌ಎ ತುಣುಕು ಜರ್ಮನಿಯಿಂದ ಬರಲು ಏಳು ವಾರ ಹಿಡಿಯಿತು. ಅಕ್ಟೋಬರ್ ಕೊನೆಗೆ ಗುರುದೇವಿ ಅದನ್ನು ಕೋಶಗಳಿಗೆ ಹಾಕಿ, ಮೂರು ದಿನ ಬಿಟ್ಟು, ಹಳೇ ಟ್ಯೂಬು ಸುರಿದು ಫಿಲ್ಮು ತೊಳೆಯಲು ಡಾರ್ಕ್ ರೂಮಿಗೆ ಹೋದಳು. ಜೊತೆಗೆ ಪಕ್ಕದ ಲ್ಯಾಬಿನ ಚೈತನ್ಯಾ ಇದ್ದಳು, ಅವಳದೂ ಒಂದು ಫಿಲ್ಮು ಇತ್ತು. ರಾಜಾಜಿನಗರದ ಹುಡುಗಿ, ಬಾಯಿ ಸುಮ್ಮನಿರುವುದಿಲ್ಲ.

ಕೆಂಪು ದೀಪದ ಕೆಳಗೆ ಫಿಲ್ಮನ್ನು ನೀರಿನಿಂದ ಎತ್ತಿದಾಗ ಎರಡು ಗೆರೆ ಇದ್ದವು. ಒಂದು ಮಾಮೂಲಿ ಕೋಶದ್ದು. ಇನ್ನೊಂದು ಐವತ್ತೆಂಟನ್ನು ತಡೆದ ಕೋಶದ್ದು. ಎರಡೂ ಒಂದೇ ಕಪ್ಪು.

"ಎಲ್ಲೇ ಹೋಯ್ತು ನಿನ್ ಜರ್ಮನಿ?" ಎಂದಳು ಚೈತನ್ಯಾ. "ಏಳು ವಾರ ಕಾದಿದ್ದು ಇದಕ್ಕಾ?"

"ಒಳಗ ಹೋಗಿಲ್ಲೇನೋ," ಎಂದಳು ಗುರುದೇವಿ. "ಡೋಸ್ ಹೆಚ್ಚು ಮಾಡಿ ನೋಡ್ತೀನಿ."

ಡೋಸ್ ಹೆಚ್ಚು ಮಾಡಿದಳು. ಗೆರೆ ಹಾಗೇ ಇತ್ತು. ಮೂರನೇ ಸಲವೂ ಹಾಗೇ.

ಅವಳ ಗೈಡ್ ಡಾ. ಚನ್ನವೀರಪ್ಪ ದಾವಣಗೆರೆಯವರು, ಬಸವೇಶ್ವರನಗರದಲ್ಲಿ ಮನೆ. ವಿದ್ಯಾರ್ಥಿಗಳ ಮೇಲೆ ಕೂಗಾಡುವವರಲ್ಲ, ಹೊಗಳುವವರೂ ಅಲ್ಲ. ಮೂರೂ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟರು.

"ತುಣುಕು ಕೆಲಸ ಮಾಡಿಲ್ಲ. ಕಸ್ಟಮ್ಸ್‌ನಲ್ಲಿ ಬಿಸಿಲಿಗೆ ಬಿದ್ದಿರುತ್ತೆ. ಒಂದು ಕೆಲಸ ಮಾಡು. ಒಳ್ಳೇ ಆರ್‌ಎನ್‌ಎ ನಮಗೆ ಸಮಯಕ್ಕೆ ಸಿಗಲಿಲ್ಲ ಅಂತ ಬರೆಯೋಣ. ಇಲ್ಲಿನ ಪರಿಸ್ಥಿತಿ ಅವರಿಗೂ ಗೊತ್ತಿರುತ್ತೆ. ಒಪ್ಕೋತಾರೆ."

"ಸರ್, ಹೊಸ ಸೀರಮ್‌ನಾಗ ಒಂದ್ಸಲ ನೋಡ್ಲೇನ್ರಿ?"

"ನೋಡು. ಆದ್ರೆ ಹದಿನಾಲ್ಕನೇ ತಾರೀಖು ನೆನಪಿರಲಿ."

ಲ್ಯಾಬಿನ ಫ್ರೀಜರಿನಲ್ಲಿ ಐವತ್ತೆಂಟರ ಸೀರಮ್ ಮುಗಿದಿತ್ತು. ಉಳಿದಿದ್ದರೆ ಪ್ರಾಣಿಗಳ ಕಟ್ಟಡದಲ್ಲಿ ಉಳಿದಿರಬೇಕು. ಅದು ಕ್ಯಾಂಪಸ್ಸಿನ ಹಿಂದೆ, ನೀಲಗಿರಿ ಮರಗಳ ಆಚೆ ಇದೆ. ಅಲ್ಲಿ ಮೊಲ, ಇಲಿಗಳನ್ನು ನೋಡಿಕೊಳ್ಳುತ್ತಿದ್ದವನು ದುಂಡಪ್ಪ. ಮುಧೋಳದಿಂದ ಬಂದು ಹದಿನೆಂಟು ವರ್ಷವಾಗಿತ್ತು, ಲಗ್ಗೆರೆಯಿಂದ ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದ. ಗುರುದೇವಿ ಹೋದಾಗ ಅವನು ಪಂಜರದ ತಟ್ಟೆಗಳನ್ನು ಬಿಸಿಲಿಗೆ ಹರಡುತ್ತಿದ್ದ.

"ದುಂಡಪ್ಪಣ್ಣ, ಐವತ್ತೆಂಟು ಚುಚ್ಚಿದ್ದ ಮೊಲ ಇತ್ತಲ್ರಿ, ಅದರ ಸೀರಮ್ ಏನರ ಉಳದೈತೇನ್ರಿ?"

"ಏಳನೇ ನಂಬರ್ ಮೊಲ. ಉಳೀದ ಎಲ್ಲಿ ಹೋಗ್ತೈತವ್ವಾ? ನಾಕ್ ವರ್ಷ ಆತು, ಒಬ್ರೂ ಇತ್ತಾಗ ಬಂದಿಲ್ಲ. ನಿಮ್ಮ ಲ್ಯಾಬಿನವ್ರಿಗೆ ಫಾರ್ಮ್ ತುಂಬಂದ್ರ ಜ್ವರಾ ಬರ್ತಾವ."

"ತುಂಬಿ ತಂದೀನ್ರಿ. ತಗೋರಿ."

ದುಂಡಪ್ಪ ಫಾರ್ಮನ್ನು ಪೂರ್ತಿ ಓದಿದ ಮೇಲೆಯೇ ಡೀಪ್ ಫ್ರೀಜರ್ ತೆರೆದು ಒಂದು ಡಬ್ಬಿ ತೆಗೆದ. ಒಳಗೆ ಬೆರಳ ತುದಿಯಷ್ಟು ಪುಟ್ಟ ಟ್ಯೂಬುಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದಕ್ಕೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡು ಸುತ್ತಿತ್ತು, ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿತ್ತು. ಮೊಲ ೭. ೫೮. ರಕ್ತ ತೆಗೆದ ತಾರೀಖು.

"ಪೆನ್ಸಿಲ್ ಯಾಕ್ರಿ?"

"ನಿಮ್ಮ ಮಾರ್ಕರ್ ಪೆನ್ನಿಗಿ ಸ್ಪಿರಿಟ್ ಹತ್ತಿದ ಕೂಡ್ಲೆ ಬರದದ್ದು ಹೋಕ್ಕೈತಿ. ನೀರ್ ಹತ್ತಿದ್ರೂ ಹೋಕ್ಕೈತಿ. ಪೆನ್ಸಿಲ್ ಎಲ್ಲಿ ಹೋಕ್ಕೈತಿ? ನಾ ಎಸ್ಸೆಲ್ಸಿ ಫೇಲ್, ನನಗ ಗೊತ್ತೈತಿ. ಪಿಎಚ್‌ಡಿ ಮಾಡಾವ್ರಿಗೆ ಗೊತ್ತಿಲ್ಲ."

"ಕರೆಂಟ್ ಹೋದಾಗ ಇವು ಕರಗಿಲ್ಲೇನ್ರಿ?"

"ಇಲ್ಲಿ ಜೀವ ಅದಾವವ್ವಾ. ಜನರೇಟರ್ ಬ್ಯಾರೇನ ಐತಿ. ನಿಮ್ಮ ಕಡೆ ಕರಗ್ಯಾವು, ಒಂದ್ಸಲ ದೊಡ್ಡ ಗದ್ಲ ಆಗಿತ್ತು. ನಮ್ಮಲ್ಲಿ ಕರಗಿಲ್ಲ."

ಅವಳು ಎರಡು ಟ್ಯೂಬು ಪಡೆದು ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದಳು.

ಏಳನೇ ಮೊಲದ ಸೀರಮ್ಮಿನಿಂದ ಬಂದ ಫಿಲ್ಮು ಚೆಂದ ಇರಲಿಲ್ಲ. ಪೊರೆಯ ಮೇಲೆ ಹತ್ತು ನಿಮಿಷ ಇಟ್ಟರೂ ಗೆರೆ ತೆಳ್ಳಗೆ, ಹೊಗೆಯ ಬಣ್ಣಕ್ಕೆ ಬಂತು. ಆದರೆ ಅದು ಮಾಮೂಲಿ ಕೋಶದಲ್ಲಿ ಇತ್ತು, ತಡೆದ ಕೋಶದಲ್ಲಿ ಇರಲಿಲ್ಲ. ಜರ್ಮನಿಯ ತುಣುಕು ಸರಿಯಾಗಿಯೇ ಕೆಲಸ ಮಾಡಿತ್ತು.

ಗುರುದೇವಿ ಈ ಫಿಲ್ಮನ್ನೂ ಹಳೇ ಟ್ಯೂಬಿನ ಫಿಲ್ಮನ್ನೂ ಒಂದರ ಮೇಲೊಂದು ಇಟ್ಟು ಟ್ಯೂಬ್‌ಲೈಟಿಗೆ ಹಿಡಿದಳು. ಹೊಗೆಯ ಗೆರೆ ಮತ್ತು ಕಪ್ಪು ಗೆರೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿದ್ದವು. ಹೆಚ್ಚುಕಡಿಮೆ ಅಷ್ಟೆ. ಕಪ್ಪು ಗೆರೆ ಒಂದು ಕೂದಲಿನಷ್ಟು ಮೇಲಿತ್ತು. ಹಾಗಾದರೆ ಮೂರು ವರ್ಷ ಅವಳು ನೋಡಿದ ಕಪ್ಪು ಗೆರೆ ಬೇರೆ ಯಾವುದೋ ಪ್ರೋಟೀನಿನದು. ಹಳೇ ಟ್ಯೂಬಿನಲ್ಲಿ ಏಳನೇ ಮೊಲದ ಆಂಟಿಬಾಡಿ ಮಾತ್ರ ಇರಲಿಲ್ಲ.

ಸ್ಟೂಲಿನ ಮೇಲೆ ಕೂತಳು. ಹೊಟ್ಟೆ ಹಸಿದಿತ್ತು. ಕ್ಯಾಂಟೀನಿಗೆ ಹೋಗಿ ಒಂದು ಪ್ಲೇಟ್ ಚಿತ್ರಾನ್ನ ತಿಂದಳು. ತಿನ್ನುತ್ತಾ ಯೋಚಿಸಿದಳು. ಟ್ಯೂಬಿನಲ್ಲಿ ಏನಿದೆ ಎಂದು ಗೊತ್ತಿರುವವನು, ಅದನ್ನು ಮೊದಲು ಮಾಡಿದವನು. ಅವನು ಬಸವಕಿರಣ್.

ಬಸವಕಿರಣ್ ಅವಳ ಸೀನಿಯರ್, ಹೋದ ವರ್ಷ ಪಿಎಚ್‌ಡಿ ಮುಗಿಸಿದ್ದ. ಈಗ ರಾಜಾಜಿನಗರದಲ್ಲಿ ಪರಿಚಯದವರೊಬ್ಬರ ಅಂಗಡಿ ನೋಡಿಕೊಳ್ಳುತ್ತಿದ್ದ. ಲ್ಯಾಬುಗಳಿಗೆ ಗ್ಲೌಸು, ಗಾಜಿನ ಸಾಮಾನು ಒದಗಿಸುವ ಅಂಗಡಿ. ಶನಿವಾರ ಮಧ್ಯಾಹ್ನ ಗುರುದೇವಿ ವಿಜಯನಗರದಲ್ಲಿ ಬಸ್ ಬದಲಿಸಿ ನವರಂಗ್ ಹತ್ತಿರ ಇಳಿದು ನಡೆದುಹೋದಳು. ಅಂಗಡಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೆಲ್ಲ ಬೆಣ್ಣೆ ಬಿಸ್ಕತ್ತಿನ ವಾಸನೆ.

"ಏನಮ್ಮಾ ಡಾಕ್ಟರ್, ಇಷ್ಟು ದೂರ! ಗ್ಲೌಸ್ ಬೇಕಿತ್ತಾ? ಮೀಡಿಯಂ ಸೈಜ್ ಸ್ಟಾಕ್ ಇಲ್ಲ, ಈಗ್ಲೇ ಹೇಳ್ಬಿಟ್ಟಿದೀನಿ."

"ಗ್ಲೌಸ್ ಬೇಡ ಕಿರಣಣ್ಣ. ಐವತ್ತೆಂಟರ ಟ್ಯೂಬಿನಾಗ ನೀವು ಏನೇನ್ ಹಾಕೀರಿ?"

ಬಸವಕಿರಣ್ ನಕ್ಕ. "ಐವತ್ತೆಂಟು ಹಾಕಿದೀನಿ. ಇನ್ನೇನ್ ಹಾಕ್ತಾರೆ, ಉಪ್ಪಿನಕಾಯಿನಾ?"

ಅವಳು ಚೀಲದಿಂದ ಎರಡು ಫಿಲ್ಮು ತೆಗೆದು ಕೌಂಟರ್ ಮೇಲೆ ಇಟ್ಟಳು. ಯಾವುದು ಹಳೇ ಟ್ಯೂಬು, ಯಾವುದು ಏಳನೇ ಮೊಲ ಎಂದು ತೋರಿಸಿ, ಪತ್ರಿಕೆಗೆ ಏನು ಬರೆಯೋಣ ಎಂದು ಗೈಡ್ ಅಂದಿದ್ದರೋ ಅದನ್ನೂ ಹೇಳಿದಳು. ಬಸವಕಿರಣ್ ಕೆಲಸ ಬಿಟ್ಟಿದ್ದರೂ ಫಿಲ್ಮು ಓದುವುದನ್ನು ಮರೆತಿರಲಿಲ್ಲ. ನಗು ನಿಂತಿತು. ಅವಳಿಗೆ ಕುರ್ಚಿ ಎಳೆದುಕೊಟ್ಟು ತಾನು ನಿಂತೇ ಇದ್ದ.

"ಎರಡು ಸಾವಿರದ ನಾಲ್ಕು. ಏಪ್ರಿಲ್ಲು," ಎಂದ. "ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇರ್ಲಿಲ್ಲ, ಜನರೇಟರ್‌ಗೆ ಡೀಸೆಲ್ ಇರ್ಲಿಲ್ಲ. ನೀನು ಊರಿಗೆ ಹೋಗಿದ್ದೆ. ಫ್ರೀಜರ್ ಪೂರ್ತಿ ಕರಗಿ ನೀರು. ಡಬ್ಬಿಗಳೆಲ್ಲ ತೇಲ್ತಾ ಇದ್ವು. ಟ್ಯೂಬುಗಳನ್ನ ಎತ್ತಿ ಎತ್ತಿ ಟವಲ್‌ನಲ್ಲಿ ಒರೆಸಿಟ್ಟೆ. ಒರೆಸ್ದಾಗ ಮೇಲೆ ಬರೆದಿದ್ದೂ ಹೋಯ್ತು."

"ಆಮ್ಯಾಲೆ?"

"ನಮ್ಮ ಡಬ್ಬಿಯಲ್ಲಿ ಐದಾರು ಇದ್ವು. ಎಲ್ಲಾ ಐವತ್ತೆಂಟೇ ಅನ್ಕೊಂಡೆ. ಕರಗಿದ್ದನ್ನ ಮತ್ತೆ ಫ್ರೀಜ್ ಮಾಡಿದ್ರೆ ಹಾಳಾಗುತ್ತೆ. ಎಸೆಯೋಕೆ ಮನಸ್ಸು ಬರುತ್ತಾ ಹೇಳು? ಒಂದು ಮೊಲದಿಂದ ಎಷ್ಟು ಬರುತ್ತೆ? ಎಲ್ಲಾ ದೊಡ್ಡ ಟ್ಯೂಬಿಗೆ ಸುರಿದೆ."

"ಆ ಡಬ್ಬಿಯಾಗ ಬ್ಯಾರೆ ಏನಿತ್ತು?"

ಅವನು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದ. "ಸೈಕ್ಲಿನ್ ಆಂಟಿಬಾಡಿ ಇತ್ತು ಅನ್ಸುತ್ತೆ. ಕಂಪನಿಯಿಂದ ತರಿಸಿದ್ದು. ಅದೂ ಮೊಲದ್ದೇ. ಆಮೇಲೆ ಹುಡುಕಿದ್ದೆ, ಸಿಗಲಿಲ್ಲ. ಯಾರೋ ತಗೊಂಡು ಹೋಗಿರ್ತಾರೆ ಅಂದ್ಕೊಂಡೆ."

ಸೈಕ್ಲಿನ್ ಎನ್ನುವ ಪ್ರೋಟೀನು ಯಾವ ಲ್ಯಾಬಿಗೂ ಹೊಸದಲ್ಲ. ಕೋಶ ಎರಡಾಗುವ ಮುಂಚೆ ಅದು ತುಂಬಿಕೊಳ್ಳುತ್ತದೆ, ಎರಡಾಗುವ ಹೊತ್ತಿಗೆ ಕೋಶವೇ ಅದನ್ನು ಕೊಚ್ಚಿ ಹಾಕುತ್ತದೆ. ಉಪವಾಸ ಬಿದ್ದ ಕೋಶ ಎರಡಾಗುವುದಿಲ್ಲ, ಹಾಗಾಗಿ ಅದರಲ್ಲಿ ಸೈಕ್ಲಿನ್ ಇರುವುದಿಲ್ಲ. ತೂಕವೂ ಐವತ್ತೆಂಟರ ಆಸುಪಾಸು. ಇದೆಲ್ಲ ಬಿಎಸ್ಸಿ ಪುಸ್ತಕದಲ್ಲಿದೆ.

"ಟ್ಯೂಬಿಗೆ ಸುರಿದ ಮ್ಯಾಲೆ ಗೆರೆ ಒಮ್ಮಿಂದೊಮ್ಮೆ ಕಪ್ಪಗೆ ಬಂದಿರಬೇಕಲ್ರಿ? ನಿಮಗ ಏನೂ ಅನಸ್ಲಿಲ್ಲೇನು?"

"ಚೆನ್ನಾಗಿ ಬಂತು ಕಣೇ. ಕೆಟ್ಟದಾಗಿ ಬಂದ್ರೆ ಯಾಕೆ ಅಂತ ಕೇಳ್ಬಹುದು. ಚೆನ್ನಾಗಿ ಬಂದ್ರೆ ಯಾರ್ ಕೇಳ್ತಾರೆ? ಮೂರು ವರ್ಷ ನೀನು ಕೇಳಿದ್ಯಾ?"

ಅವಳು ಕೇಳಿರಲಿಲ್ಲ.

ಕೆಳಗಿನ ಬೇಕರಿಯಲ್ಲಿ ಯಾರೋ ಟ್ರೇ ಎಳೆದ ಸದ್ದಾಯಿತು. ಬಸವಕಿರಣ್ ದನಿ ತಗ್ಗಿಸಿದ. "ನೋಡು ಗುರುದೇವಿ. ನನ್ನ ಥೀಸಿಸ್ಸಿನ ಕೊನೇ ಚಾಪ್ಟರ್ ಆ ಟ್ಯೂಬಿನದೇ. ಪೇಪರೂ ಆಗಿದೆ, ಸಾರ್ ಹೆಸರು ಇದೆ. ಜನವರಿಯಲ್ಲಿ ನಂಗೆ ಕಾಲೇಜ್ ಲೆಕ್ಚರರ್ ಇಂಟರ್‌ವ್ಯೂ ಇದೆ. ಇನ್ನೆಷ್ಟು ದಿನ ಅಂತ ಗ್ಲೌಸ್ ಎಣಿಸ್ಕೊಂಡು ಕೂರಲಿ? ಸಾರ್ ಏನಂದ್ರು? ಆರ್‌ಎನ್‌ಎ ಸಿಗಲಿಲ್ಲ ಅಂತ ಬರಿ ಅಂದ್ರು ತಾನೇ? ಬರ್ದುಬಿಡು. ಯಾರಿಗೂ ತೊಂದ್ರೆ ಇಲ್ಲ."

"ಇನ್ನೂ ಏನೂ ಗೊತ್ತಿಲ್ಲ ಕಿರಣಣ್ಣ. ಖರೇ ಐವತ್ತೆಂಟೂ ಉಪವಾಸದಾಗ ಹೋಗ್ತೈತೇನೋ. ಹಂಗಾದ್ರ ನಿಮ್ದೂ ಸರಿ, ನಂದೂ ಸರಿ."

"ಹೋಗಿಲ್ಲ ಅಂದ್ರೆ?"

ಅವಳು ಫಿಲ್ಮುಗಳನ್ನು ಚೀಲಕ್ಕೆ ಹಾಕಿಕೊಂಡಳು. ಅವನು ಕೆಳಗಿನವರೆಗೂ ಬಂದು, ಬೇಡ ಎಂದರೂ ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ಕೊಡಿಸಿದ.

ಸೋಮವಾರ ಚೈತನ್ಯಾ ಹತ್ತಿರ ಸೈಕ್ಲಿನ್ ಆಂಟಿಬಾಡಿ ಕೇಳಿದಳು.

"ಎಷ್ಟು ಬೇಕು?"

"ಒಂದು ಹನಿ."

"ನಿಮ್ಮ ಲ್ಯಾಬಿನವರು ಒಂದು ಹನಿ ತಗೊಂಡ್ರೆ ನಾಲ್ಕು ವರ್ಷ ಓಡಿಸ್ತೀರ," ಎಂದು ಚೈತನ್ಯಾ ಎರಡು ಹನಿ ಕೊಟ್ಟಳು.

ಗುರುದೇವಿ ಪ್ರೋಟೀನು ಬೇರ್ಪಡಿಸುವ ಜೆಲ್ಲಿನ ಅಗಲವಾದ ಒಂದೇ ಕಿಂಡಿಯಲ್ಲಿ ಕೋಶದ ಪ್ರೋಟೀನು ತುಂಬಿದಳು. ಪೊರೆಗೆ ಇಳಿಸಿದ ಮೇಲೆ ಸರ್ಜಿಕಲ್ ಬ್ಲೇಡು ತೆಗೆದುಕೊಂಡು ಅದರ ನಟ್ಟನಡುವೆ ಮೇಲಿನಿಂದ ಕೆಳಗೆ ಕೊಯ್ದಳು. ಎಡಗಡೆಯ ತುಂಡಿಗೆ ಹಳೇ ಟ್ಯೂಬು. ಬಲಗಡೆಯದಕ್ಕೆ ಚೈತನ್ಯಾ ಕೊಟ್ಟ ಸೈಕ್ಲಿನ್. ತೊಳೆದ ಮೇಲೆ ಎರಡನ್ನೂ ಕೊಯ್ದ ಅಂಚಿಗೆ ಅಂಚು ಕೂಡಿಸಿ ಒಂದೇ ಫಿಲ್ಮಿನ ಕೆಳಗೆ ಇಟ್ಟಳು.

ಫಿಲ್ಮಿನಲ್ಲಿ ಒಂದೇ ಗೆರೆ ಬಂತು. ಎಡಗಡೆ ಶುರುವಾಗಿ, ಕೊಯ್ದ ಜಾಗ ದಾಟಿ, ಬಲಗಡೆ ಮುಗಿಯಿತು. ಎಲ್ಲೂ ಮೆಟ್ಟಿಲು ಇರಲಿಲ್ಲ. ಹಳೇ ಟ್ಯೂಬು ತೋರಿಸುತ್ತಿದ್ದದ್ದು ಸೈಕ್ಲಿನ್ನನ್ನೇ.

ಅದನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಿ ಕೆಳಗೆ ತಾರೀಖು ಬರೆದಳು. ನವೆಂಬರ್ ೧೯. ಮೂರು ವರ್ಷ ಅವಳು ಪುಸ್ತಕದಲ್ಲಿದ್ದ ವಿಷಯವನ್ನೇ ಮತ್ತೆ ಕಂಡುಹಿಡಿದಿದ್ದಳು, ಅದೂ ಬೇರೆ ಪ್ರೋಟೀನಿನ ಹೆಸರಿನಲ್ಲಿ.

ಇನ್ನೊಂದು ದಾರಿ ಉಳಿದಿತ್ತು. ನಿಜವಾದ ಐವತ್ತೆಂಟು ಕೂಡ ಹಸಿದ ಕೋಶದಲ್ಲಿ ಕೊಚ್ಚಿಹೋಗುತ್ತದೆ ಎಂದಾದರೆ ಪೇಪರ್ ಉಳಿಯುತ್ತದೆ. ಚಿತ್ರಗಳನ್ನು ಬದಲಿಸಿದರೆ ಸಾಕು. ಗೆರೆ ಮಸುಕಾಗಿದ್ದರೂ ನಡೆಯುತ್ತದೆ. ಅವಳು ಕೋಶಗಳನ್ನು ಉಪವಾಸ ಹಾಕಿದಳು. ಸೊನ್ನೆ, ಆರು, ಹನ್ನೆರಡು, ಇಪ್ಪತ್ನಾಲ್ಕು ಗಂಟೆ. ಏಳನೇ ಮೊಲದ ಸೀರಮ್. ಎಲ್ಲಾ ಕಿಂಡಿಗೂ ಸಮನಾಗಿ ಪ್ರೋಟೀನು ತುಂಬಿದೆಯೇ ಎಂದು ಬಣ್ಣ ಹಾಕಿ ನೋಡಿಕೊಂಡಳು.

ಡಾರ್ಕ್ ರೂಮಿನಲ್ಲಿ ಒಬ್ಬಳೇ ಇದ್ದಳು. ಡೆವಲಪರಿನ ತಟ್ಟೆಯಲ್ಲಿ ಫಿಲ್ಮನ್ನು ಅಲ್ಲಾಡಿಸುತ್ತಾ ಮನಸ್ಸಿನಲ್ಲಿ ಅರವತ್ತರವರೆಗೆ ಎಣಿಸಿದಳು. ಮೊದಲು ಮೊದಲನೇ ಗೆರೆ ಕಂಡಿತು. ಅದರ ಜೊತೆಗೇ ಎರಡನೆಯದು, ಮೂರನೆಯದು. ನಾಲ್ಕನೆಯದು ಬರದಿರಲಿ ಎಂದು ಕಾದಳು. ಬಂತು. ನಾಲ್ಕೂ ಹೊಗೆಬಣ್ಣದ ಗೆರೆಗಳು ಒಂದೇ ಸಮ ಇದ್ದವು. ಕೋಶ ಹಸಿದರೆ ಐವತ್ತೆಂಟಿಗೆ ಏನೂ ಆಗುವುದಿಲ್ಲ.

ಮತ್ತೆ ಎರಡು ಸಲ ಮಾಡಿದಳು. ಅದೇ ಬಂತು. ಅಷ್ಟು ಹೊತ್ತಿಗೆ ಡಿಸೆಂಬರ್ ಆರು. ಕಂಪ್ಯೂಟರಿನಲ್ಲಿ ಪತ್ರಿಕೆಗೆ ಕಳಿಸಬೇಕಾದ ಉತ್ತರ ಸಿದ್ಧವಾಗಿತ್ತು. ಚನ್ನವೀರಪ್ಪನವರೇ ಬರೆದಿದ್ದರು. ಸಮಯಕ್ಕೆ ಸರಿಯಾದ ಆರ್‌ಎನ್‌ಎ ದೊರೆಯದ ಕಾರಣ, ಎಂದು ಶುರುವಾಗುವ ಒಂದು ಸಾಲು ಅದರಲ್ಲಿತ್ತು. ಅವಳು ಅದನ್ನು ತೆರೆದು ಓದಿದಳು. ಭಾಷೆ ಚೆನ್ನಾಗಿತ್ತು. ಮುಚ್ಚಿದಳು. ಫಿಲ್ಮುಗಳನ್ನು ಕವರಿಗೆ ಹಾಕಿಕೊಂಡು ಅವರ ರೂಮಿಗೆ ಹೋದಳು.

ಚನ್ನವೀರಪ್ಪ ಒಂದೊಂದೇ ಫಿಲ್ಮು ನೋಡಿದರು. ಅಂಚಿಗೆ ಅಂಚು ಕೂಡಿಸಿದ ಫಿಲ್ಮನ್ನು ತುಂಬಾ ಹೊತ್ತು ನೋಡಿದರು.

"ಉಪವಾಸದ್ದು ಎಷ್ಟು ಸಲ ಮಾಡಿದೆ?"

"ಮೂರು ಸಲ ಸರ್."

"ಬೇರೆ ಬೇರೆ ಕೋಶ?"

"ಬ್ಯಾರೆ ಬ್ಯಾರೆ. ಬ್ಯಾರೆ ಬ್ಯಾರೆ ದಿನ."

ಅವರು ಹಿಂದಿನ ಕಪಾಟಿನಿಂದ ಬಸವಕಿರಣ್‌ನ ಪೇಪರಿನ ಪ್ರತಿ ಎಳೆದು ನಾಲ್ಕನೇ ಚಿತ್ರದ ಪುಟ ತೆರೆದು ಪಕ್ಕದಲ್ಲಿಟ್ಟುಕೊಂಡರು. ಕೋಶ ಎರಡಾಗುವಾಗ ಐವತ್ತೆಂಟು ಹೆಚ್ಚುತ್ತದೆ ಎಂದು ಆ ಚಿತ್ರ ಹೇಳುತ್ತಿತ್ತು.

"ಅವನಿಗೆ ಗೊತ್ತಾ?"

"ಗೊತ್ತೈತ್ರಿ. ಟ್ಯೂಬಿಗೆ ಏನು ಸುರಿದಿದ್ರು ಅಂತ ಅವರೇ ಹೇಳಿದ್ರು. ಈ ಫಿಲ್ಮ್ ನೋಡಿಲ್ಲ."

"ನಾನು ಅವತ್ತೇ ಹೇಳಿದ್ನಲ್ಲ, ಆರ್‌ಎನ್‌ಎ ಸಿಗಲಿಲ್ಲ ಅಂತ ಬರೆಯೋಣ ಅಂತ. ಬರೆದಿದ್ರೆ ಪೇಪರ್ ಆಗ್ತಿತ್ತು."

"ಆಗ್ತಿತ್ತು ಸರ್."

"ಮತ್ತೆ ಇದನ್ನ ಯಾಕೆ ಮಾಡಿದೆ?"

"ಮಾರ್ಚ್‌ನಾಗ ವೈವಾ ಇರ್ತೈತಲ್ರಿ ಸರ್. ಹೊಸ ಸೀರಮ್‌ನಾಗ ಮಾಡಿ ನೋಡೀಯೇನು ಅಂತ ಯಾರರ ಕೇಳಿದ್ರ ಏನ್ ಹೇಳ್ಲಿ? ನೋಡೀನಿ ಅಂದ್ರ ಫಿಲ್ಮ್ ತೋರಸು ಅಂತಾರ. ನೋಡಿಲ್ಲ ಅಂದ್ರ ಸುಳ್ಳಾಕ್ಕೈತಿ."

ಚನ್ನವೀರಪ್ಪ ಹೂಂ ಎಂದರು. ಫೋನು ಬಂತು, ಆಮ್ಯಾಲೆ ಮಾಡಿ ಎಂದು ಇಟ್ಟರು. ಅವರ ಬಾಯಲ್ಲಿ ದಾವಣಗೆರೆಯ ಮಾತು ಬರುವುದು ಅಪರೂಪ.

"ಬರ್ಕೊ," ಎಂದರು. ಮೂರು ಸಾಲಿನ ಪತ್ರ ಹೇಳಿದರು. ನಮ್ಮ ಆಂಟಿಬಾಡಿಯಲ್ಲಿ ಬೇರೊಂದು ಬೆರೆತಿರುವುದು ಪತ್ತೆಯಾಗಿದೆ, ಪೇಪರನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ, ತಮ್ಮ ಪ್ರಶ್ನೆಗೆ ವಂದನೆ.

"ಫೆಲೋಶಿಪ್ ಒಂದು ವರ್ಷ ಮುಂದುವರಿಸಿ ಅಂತ ಬರೀತೀನಿ. ಕೊಡ್ತಾರೆ ಅಂತ ಹೇಳೋಕಾಗಲ್ಲ."

"ಗೊತ್ತೈತ್ರಿ ಸರ್."

"ಕೊಡದಿದ್ರೆ?"

"ಮೂಡಲಪಾಳ್ಯದಾಗ ಒಂದು ಟ್ಯುಟೋರಿಯಲ್‌ನಾಗ ಪಿಯುಸಿ ಬಯಾಲಜಿಗೆ ಕೇಳ್ಯಾರ್ರಿ. ಮುಂಜಾನೆ ಎರಡು ತಾಸು. ಹೋಗ್ತೀನಿ."

ಅವರು ತಲೆಯಾಡಿಸಿದರು. ಬಸವಕಿರಣ್‌ನ ಪೇಪರನ್ನು ಮಾತ್ರ ಕಪಾಟಿಗೆ ವಾಪಸ್ಸು ಇಡಲಿಲ್ಲ. "ಇದರ ವಿಷಯಾನೂ ಬರೀಬೇಕು. ಅದಕ್ಕೆ ಮುಂಚೆ ಅವನು ಒಂದು ಸಲ ಬಂದು ನೋಡಲಿ. ನಾನು ಫೋನ್ ಮಾಡಿದ್ರೆ ಹೆದರ್ತಾನೆ. ನೀನೇ ಹೇಳು." ಆಮೇಲೆ, ಅವಳು ಬಾಗಿಲ ಹತ್ತಿರ ಹೋದಾಗ, "ಆ ಟ್ಯೂಬ್ ಚೆಲ್ಲಬೇಡ. ಅದು ಇರಲಿ."

ಫೋನಿನಲ್ಲಿ ಬಸವಕಿರಣ್ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ನಿಂಗೆ ಸಮಾಧಾನ ಆಯ್ತಾ?" ಎಂದ. ಅವಳು ಇಲ್ಲ ಎಂದಳು. ಅವನು ಫೋನಿಟ್ಟ. ಒಂದು ವಾರ ಸುದ್ದಿಯಿಲ್ಲ. ಹದಿನಾಲ್ಕನೇ ತಾರೀಖು ಬಂದು ಹೋಯಿತು.

ಹದಿನೇಳರ ಸೋಮವಾರ ಬೆಳಿಗ್ಗೆ ಅವನ ಸ್ಕೂಟರು ಲ್ಯಾಬಿನ ಮುಂದೆ ನಿಂತಿತ್ತು. ಒಳಗೆ ಬಂದವನು ಯಾರ ಹತ್ತಿರವೂ ಮಾತಾಡದೆ ಹಳೆಯ ಗೂಟದಿಂದ ಒಂದು ಏಪ್ರನ್ ತೆಗೆದು ಹಾಕಿಕೊಂಡ.

"ನಾನೇ ಮಾಡ್ತೀನಿ," ಎಂದ. "ನೀನು ಮಾಡಿದ್ದನ್ನ ನೋಡಿ ಒಪ್ಕೊಳ್ಳೋಕೆ ನಾನೇನು ಸಾರ್ ಅಲ್ಲ. ಸೀರಮ್ ಕೊಡು."

"ಕೋಶ ತಯಾರು ಮಾಡೋದಕ್ಕ ಎರಡು ದಿನ ಬೇಕಲ್ರಿ."

"ರಜಾ ಹಾಕಿದೀನಿ."

ಎರಡು ದಿನ ಬಂದು ಹೋದ. ತನ್ನ ನಾಲ್ಕನೇ ಚಿತ್ರದ ಪ್ರಯೋಗವನ್ನೇ ಮೊದಲಿನಿಂದ ಮಾಡಿದ. ಅವನ ಕೈ ಇನ್ನೂ ಒಳ್ಳೆಯ ಕೈ. ಒಂದು ಹನಿಯೂ ಕಿಂಡಿಯಿಂದ ಹೊರಗೆ ಹೋಗಲಿಲ್ಲ. ಪೊರೆಯ ಮೇಲೆ ಏಳನೇ ಮೊಲದ ಸೀರಮ್ ಅಲುಗಾಡುತ್ತಿದ್ದಾಗ ಗುರುದೇವಿ ತಂದ ಪುಳಿಯೋಗರೆಯನ್ನು ಇಬ್ಬರೂ ತಿಂದರು. ಇದು ಪೌಡರ್ ಪುಳಿಯೋಗರೆ, ನಮ್ಮ ಮನೇಲಿ ಗೊಜ್ಜು ಮಾಡ್ತಾರೆ, ಎಂದು ದೂರಿದ.

ಫಿಲ್ಮು ತೊಳೆಯಲು ಅವನೊಬ್ಬನೇ ಡಾರ್ಕ್ ರೂಮಿಗೆ ಹೋದ. ಹೊರಗೆ ಬಂದಾಗ ಫಿಲ್ಮಿನಿಂದ ನೀರು ಸೋರುತ್ತಿತ್ತು. ಲೈಟ್ ಬಾಕ್ಸಿನ ಮೇಲೆ ಇಟ್ಟ. ಆರು ಕಿಂಡಿ, ಆರು ಹೊಗೆಬಣ್ಣದ ಗೆರೆ, ಎಲ್ಲ ಒಂದೇ ಸಮ. ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

"ಏನೂ ಆಗ್ತಾ ಇಲ್ವಲ್ಲೇ ಈ ನನ್ಮಗಂದಕ್ಕೆ," ಎಂದ. "ಸೈಕ್ಲಿನ್ ಹಿಂಗೆ ಕುಣೀತಾ ಇದ್ರೆ ಇದು ಸುಮ್ನೆ ಕೂತಿದೆ."

"ಯಾಕ ಕೂತೈತಿ ಅಂತ ಇನ್ನೊಂದು ವರ್ಷ ನೋಡಬೇಕು."

"ಸಾರ್ ಎಲ್ಲಿ?"

"ಊಟಕ್ಕ ಮನೀಗೆ ಹೋಗ್ಯಾರ. ಮೂರಕ್ಕ ಬರ್ತಾರ."

"ಬರ್ಲಿ. ಕಾಯ್ತೀನಿ." ಕೈ ಒರೆಸಿಕೊಂಡು ಕೇಳಿದ, "ಆ ಟ್ಯೂಬ್ ಎಲ್ಲಿಟ್ಟಿದೀಯ?"

ಅವಳು ಕೋಲ್ಡ್ ರೂಮಿನಿಂದ ತಂದುಕೊಟ್ಟಳು. ದುಂಡಪ್ಪನ ಹತ್ತಿರ ಕೇಳಿ ತಂದ ಪ್ಲಾಸ್ಟರಿನ ತುಂಡು ಅದಕ್ಕೆ ಸುತ್ತಿತ್ತು. ಪೆನ್ಸಿಲ್ಲಿನಲ್ಲಿ ಹೀಗೆ ಬರೆದಿದ್ದಳು: ೫೮ ಮತ್ತು ಸೈಕ್ಲಿನ್, ಬಳಸಬೇಡಿ, ಎಸೆಯಬೇಡಿ.

ಬಸವಕಿರಣ್ ಓದಿದ. ಅವಳ ಏಪ್ರನ್ ಜೇಬಿನಿಂದ ಪೆನ್ಸಿಲ್ ಎಳೆದುಕೊಂಡು ಕೆಳಗಿನ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ. ಬೆರೆಸಿದ್ದು ಬಸವಕಿರಣ್. ಅಲ್ಲಿಗೆ ನಿಂತ.

"ತಾರೀಖು ನೆನಪಿಲ್ಲ ಕಣೇ. ಏಪ್ರಿಲ್ ಎರಡನೇ ವಾರ ಅಂತ ಬರೀಲಾ?"

"ಎರಡನೇ ವಾರ ಅಂತ ಪಕ್ಕಾ ಗೊತ್ತೈತೇನು?"

ಅವನು ಯೋಚಿಸಿದ. "ಇಲ್ಲ."

"ಹಂಗಾದ್ರ ಏಪ್ರಿಲ್ ಅಷ್ಟ ಬರೀರಿ."

ಏಪ್ರಿಲ್ ೨೦೦೪ ಎಂದು ಬರೆದು ಪೆನ್ಸಿಲ್ ವಾಪಸ್ಸು ಕೊಟ್ಟ. ಅವಳು ಟ್ಯೂಬನ್ನು ಈ ಸಲ ಎರಡನೇ ಶೆಲ್ಫಿನಲ್ಲಿ ಇಡದೆ ಮೇಲಿನ, ಯಾರ ಕೈಗೂ ಸುಲಭಕ್ಕೆ ಸಿಗದ ಶೆಲ್ಫಿನಲ್ಲಿ ಇಟ್ಟು ಬಂದಳು. ಮೂರು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.